ಒಂದು ಚಮಚ ಓಟ್ಸ್, ಒಂದು ದೊಡ್ಡ ಸೇಬು

1 ದೊಡ್ಡ ಚಮಚ ಓಟ್ಸ್. ಅದನ್ನು 3 ಚಮಚ ನೀರಿನಲ್ಲಿ 12 ಗಂಟೆ ನೆನೆಯಲು ಬಿಡಬೇಕು. ಬಡಿಸುವ ಹೊತ್ತಿಗೆ 1 ಚಮಚ ನಿಂಬೆರಸ, 1 ಚಮಚ ಕಂಡೆನ್ಸ್ಡ್ ಮಿಲ್ಕ್ ಬೆರೆಸಿ, ಸುಮಾರು 200 ಗ್ರಾಂ ತೂಗುವ ಸೇಬನ್ನು ಸಿಪ್ಪೆ ಸಮೇತ ಅದರೊಳಕ್ಕೇ ತುರಿಯಬೇಕು. ಮೇಲೆ 1 ಚಮಚ ಬಾದಾಮಿ ಪುಡಿಯನ್ನೋ ಹೇಝಲ್‌ನಟ್ ಪುಡಿಯನ್ನೋ ಉದುರಿಸಿ ಕೂಡಲೇ ತಿನ್ನಲು ಕೊಡಬೇಕು.

20ನೇ ಶತಮಾನದ ಆರಂಭದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ವೈದ್ಯರೊಬ್ಬರು ತಮ್ಮ ರೋಗಿಗಳಿಗೆಂದು ರೂಪಿಸಿದ ತಿನಿಸಿದು. ಇಂದು ಬೆಂಗಳೂರಿನ ಎಷ್ಟೋ ಮನೆಗಳ ಫ್ರಿಜ್ಜಿನಲ್ಲಿ, ಗಾಜಿನ ಬಾಟಲಿಯೊಳಗೆ ರಾತ್ರಿಯಿಡೀ ನೆನೆಯುವ ‘ಓವರ್‌ನೈಟ್ ಓಟ್ಸ್’ನ ವಂಶವೃಕ್ಷ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಇದೇ ಬಟ್ಟಲು. ಆದರೆ ಅಳತೆಯನ್ನು ಇನ್ನೊಮ್ಮೆ ನೋಡಬೇಕು. ಹಣ್ಣು 200 ಗ್ರಾಂ. ಓಟ್ಸ್ 10 ಗ್ರಾಮಿನ ಆಸುಪಾಸು. ಅದು ಹುಟ್ಟಿದ್ದು ಹಣ್ಣಿನ ತಿನಿಸಾಗಿ. ಓಟ್ಸ್ ಅದರಲ್ಲಿ ತುರಿದ ಸೇಬನ್ನು ಹಿಡಿದಿಡುವ ಅಂಟಿನ ಕೆಲಸಕ್ಕಷ್ಟೇ ಇತ್ತು. ನೂರು ವರ್ಷಗಳಲ್ಲಿ ಈ ಲೆಕ್ಕ ತಲೆಕೆಳಗಾದದ್ದು ಹೇಗೆ ಎಂಬುದೇ ಈ ತಿನಿಸಿನ ಚರಿತ್ರೆಯ ಸ್ವಾರಸ್ಯ.

ಆ ವೈದ್ಯರ ಹೆಸರು ಮ್ಯಾಕ್ಸಿಮಿಲಿಯನ್ ಬಿರ್ಷರ್-ಬೆನ್ನರ್. 1867ರಲ್ಲಿ ಆರಾವ್ ಎಂಬ ಸ್ವಿಸ್ ಪಟ್ಟಣದಲ್ಲಿ ಹುಟ್ಟಿದವರು. ಬೆನ್ನರ್ ಎಂಬುದು ಹೆಂಡತಿಯ ತವರಿನ ಹೆಸರು. ಮದುವೆಯ ನಂತರ ಗಂಡಂದಿರು ಹಾಗೆ ಸೇರಿಸಿಕೊಳ್ಳುವ ಪದ್ಧತಿ ಅಲ್ಲಿತ್ತು. 1891ರಲ್ಲಿ ಜ್ಯೂರಿಕ್‌ನಲ್ಲಿ ವೈದ್ಯವೃತ್ತಿ ಆರಂಭಿಸಿದರು. ಹೊಸತರಲ್ಲೇ ಕಾಮಾಲೆ ಅವರನ್ನು ಹಾಸಿಗೆಗೆ ಕೆಡವಿತು. ಏನನ್ನೂ ತಿನ್ನಲಾಗದ ಸ್ಥಿತಿಯಲ್ಲಿ ಹಸಿ ಸೇಬಿನ ತೆಳು ಹೋಳು ಮಾತ್ರ ಗಂಟಲಿಗಿಳಿಯಿತು, ಅದರಿಂದಲೇ ಚೇತರಿಸಿಕೊಂಡರು ಎಂಬುದು ಅವರ ಬಗ್ಗೆ ಹೇಳುತ್ತ ಬಂದಿರುವ ಕಥೆ. ಮುಂದೆ ಜೀರ್ಣಶಕ್ತಿಯೇ ಕುಂದಿದ್ದ ರೋಗಿಯೊಬ್ಬರಿಗೆ ಹಸಿ ಹಣ್ಣಿನ ಪಥ್ಯ ಕೊಟ್ಟು, ಗುಣ ಕಂಡಿತಂತೆ. ಆಲ್ಪ್ಸ್ ಬೆಟ್ಟಗಳಲ್ಲಿ ದನಗಾಹಿಗಳು ಧಾನ್ಯ, ಹಾಲು, ಹಣ್ಣು ಕಲಸಿ ಉಣ್ಣುತ್ತಿದ್ದ ಊಟ ಅವರಿಗೆ ಮಾದರಿಯಾಯಿತು ಎಂಬ ಮಾತೂ ಇದೆ.

ಈಗ ಇದರಲ್ಲಿ ವಿಶೇಷವೇನೂ ಕಾಣದು. ಆಗ ಹಾಗಿರಲಿಲ್ಲ. ಮಾಂಸ, ಬಿಳಿ ಬ್ರೆಡ್ಡು ಬಲ ಕೊಡುವ ಆಹಾರ. ಹಸಿ ಹಣ್ಣು, ತರಕಾರಿ ಬಡವರ ಹೊಟ್ಟೆ ತುಂಬಿಸುವ ಸರಕು, ರೋಗಿಗೆ ಅಪಾಯ ಎಂಬುದು ಯುರೋಪಿನ ವೈದ್ಯರ ಸಾಮಾನ್ಯ ನಂಬಿಕೆಯಾಗಿತ್ತು. 1900ರಲ್ಲಿ ಜ್ಯೂರಿಕ್‌ನ ವೈದ್ಯರ ಸಂಘದ ಮುಂದೆ ಬಿರ್ಷರ್ ತಮ್ಮ ವಾದ ಮಂಡಿಸಿದಾಗ, ಇವರು ವಿಜ್ಞಾನದ ಗಡಿ ದಾಟಿದರು ಎಂದು ಸಹೋದ್ಯೋಗಿಗಳು ದೂರ ಸರಿದರು. ಅವರ ಸಿದ್ಧಾಂತ ನಿಜಕ್ಕೂ ತಪ್ಪಾಗಿತ್ತು. ಸಸ್ಯಗಳು ಸೂರ್ಯನ ಬೆಳಕಿನ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತವೆ, ಬೇಯಿಸಿದಷ್ಟೂ ಆ ಶಕ್ತಿ ಸೋರಿಹೋಗುತ್ತದೆ, ಮಾಂಸದಲ್ಲಿ ಅದು ತೀರಾ ಕಡಿಮೆ ಎಂದು ಅವರು ಲೆಕ್ಕ ಹಾಕಿದ್ದರು. ಆದರೆ ಅವರು ತಟ್ಟೆಗೆ ಹಾಕಿದ್ದು ಸರಿಯಾಗಿತ್ತು. ಜೀವಸತ್ವಗಳಿಗೆ ಕ್ಯಾಸಿಮಿರ್ ಫಂಕ್ ‘ವೈಟಮಿನ್’ ಎಂಬ ಹೆಸರಿಟ್ಟದ್ದೇ 1912ರಲ್ಲಿ. ಕಾರಣ ಗೊತ್ತಿಲ್ಲದೆಯೇ ಒಬ್ಬ ವೈದ್ಯ ಹಸಿ ಹಣ್ಣಿನ ಪಕ್ಷ ವಹಿಸಿ ಒಂಟಿಯಾಗಿ ನಿಂತದ್ದು ಸಣ್ಣ ಧೈರ್ಯವಲ್ಲ.

1904ರಲ್ಲಿ ಅವರು ಜ್ಯೂರಿಕ್‌ಬೆರ್ಗ್ ಗುಡ್ಡದ ಮೇಲೆ ಆರೋಗ್ಯಧಾಮವೊಂದನ್ನು ತೆರೆದರು. ‘ಲೇಬೆಂಡಿಗೆ ಕ್ರಾಫ್ಟ್’ ಎಂದು ಹೆಸರು, ಅಂದರೆ ಜೀವಂತ ಶಕ್ತಿ. ನಸುಕಿನಲ್ಲೇ ಏಳಬೇಕು, ನಡೆಯಬೇಕು, ತೋಟದಲ್ಲಿ ಕೈಕೆಸರು ಮಾಡಿಕೊಳ್ಳಬೇಕು, ತಣ್ಣೀರು ಸುರಿದುಕೊಳ್ಳಬೇಕು. ಮದ್ಯ, ತಂಬಾಕು, ಕಾಫಿ ಇಲ್ಲ. ರಾತ್ರಿ ಬೇಗ ದೀಪ ಆರಬೇಕು. ಪ್ರತಿ ಊಟಕ್ಕೂ ಮೊದಲು ಆ ಸೇಬಿನ ಬಟ್ಟಲು ಬರುತ್ತಿತ್ತು. ಅದು ಬೆಳಗಿನ ತಿಂಡಿಯಷ್ಟೇ ಆಗಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಸ್ವಿಸ್ ಮನೆಗಳಲ್ಲಿ ಬ್ರೆಡ್ಡು-ಬೆಣ್ಣೆಯ ಜೊತೆ ಇದನ್ನೇ ರಾತ್ರಿಯ ಲಘು ಊಟ ಮಾಡಿಕೊಳ್ಳುವ ರೂಢಿಯೂ ಬೆಳೆಯಿತು. ಜರ್ಮನ್ ಕಾದಂಬರಿಕಾರ ಥಾಮಸ್ ಮಾನ್ 1909ರಲ್ಲಿ ಇಲ್ಲಿ ಉಳಿದು, ಈ ಶಿಸ್ತನ್ನು ಸೆರೆವಾಸಕ್ಕೆ ಹೋಲಿಸಿ ಪತ್ರ ಬರೆದಿದ್ದರು. ಭಾರತೀಯರಿಗೆ ಪರಿಚಿತ ಹೆಸರೂ ಇಲ್ಲಿನ ರೋಗಿಗಳ ಪಟ್ಟಿಯಲ್ಲಿದೆ. 1942ರಲ್ಲಿ ಸಂಧಾನಕ್ಕೆಂದು ದೆಹಲಿಗೆ ಬಂದು ಬರಿಗೈಲಿ ಮರಳಿದ ಬ್ರಿಟಿಷ್ ನಾಯಕ ಸರ್ ಸ್ಟ್ಯಾಫರ್ಡ್ ಕ್ರಿಪ್ಸ್ ಸಸ್ಯಾಹಾರಿ. ಹದಗೆಟ್ಟ ಆರೋಗ್ಯಕ್ಕೆ ಮದ್ದು ಹುಡುಕಿ ಅವರು ಈ ಚಿಕಿತ್ಸಾಲಯಕ್ಕೆ ಬರುತ್ತಿದ್ದರು. 1952ರಲ್ಲಿ ತೀರಿಕೊಂಡದ್ದೂ ಜ್ಯೂರಿಕ್‌ನಲ್ಲೇ.

ಬಿರ್ಷರ್ ಬಟ್ಟಲಿನ ಒಂದೊಂದು ವಸ್ತುವಿಗೂ ಒಂದೊಂದು ಕಾರಣವಿತ್ತು. ತಾಜಾ ಹಾಲಿನ ಬದಲು ಕಂಡೆನ್ಸ್ಡ್ ಮಿಲ್ಕ್ ಯಾಕೆ? ಹಸುವಿನ ಹಸಿ ಹಾಲಿನಿಂದ ಕ್ಷಯ ಅಂಟುವ ಭಯವಿದ್ದ ಕಾಲ ಅದು. ಕಾಯಿಸಿ, ಸಕ್ಕರೆ ಬೆರೆಸಿ ಡಬ್ಬಿಗೆ ತುಂಬಿದ ಹಾಲು ನಂಬಲರ್ಹವಾಗಿತ್ತು. 1866ರಿಂದಲೇ ಸ್ವಿಟ್ಜರ್ಲೆಂಡಿನ ಚಾಮ್ ಎಂಬಲ್ಲಿ ಅದರ ಕಾರ್ಖಾನೆಯಿತ್ತು. ನಿಂಬೆರಸ ರುಚಿಗಷ್ಟೇ ಅಲ್ಲ. ತುರಿದ ಸೇಬು ಗಾಳಿ ತಾಗಿದೊಡನೆ ಅದರೊಳಗಿನ ಕಿಣ್ವವೊಂದು ಕೆಲಸ ಶುರುಮಾಡಿ ಕಂದು ಬಣ್ಣ ತರುತ್ತದೆ. ನಿಂಬೆಯ ಹುಳಿ ಆ ಕಿಣ್ವವನ್ನು ತಡೆಯುತ್ತದೆ. ಸೇಬನ್ನು ಬಟ್ಟಲಿನೊಳಕ್ಕೇ ತುರಿದು ಆಗಿಂದಾಗಲೇ ಕಲಸಬೇಕೆಂಬ ಕಟ್ಟಪ್ಪಣೆಗೆ ಕಾರಣವೂ ಇದೇ. (ಬಿರ್ಷರ್ ಬೀಜವನ್ನೂ ಬಿಡುತ್ತಿರಲಿಲ್ಲ. ಸೇಬಿನ ಬೀಜ ಅರೆದಾಗ ಸಯನೈಡ್ ಅಂಶ ಹೊರಬೀಳುವುದರಿಂದ ಅದನ್ನು ತೆಗೆದುಬಿಡುವುದೇ ಲೇಸು.)

ಇನ್ನು ಓಟ್ಸ್. ಧಾನ್ಯಗಳಲ್ಲಿ ಇದಕ್ಕೆ ಕೊಬ್ಬಿನ ಅಂಶ ಹೆಚ್ಚು, ಜೊತೆಗೆ ಆ ಕೊಬ್ಬನ್ನು ಒಡೆಯುವ ಕಿಣ್ವವೂ ಇದೆ. ಹೊಟ್ಟು ತೆಗೆದು ಹಾಗೇ ಇಟ್ಟರೆ ಕೆಲವೇ ದಿನಗಳಲ್ಲಿ ಕಮಟು ಹಿಡಿದು ಕಹಿಯಾಗುತ್ತದೆ. ಅದಕ್ಕೇ ಗಿರಣಿಯಲ್ಲಿ ಹಬೆ ಹಾಯಿಸಿ, ಒಣಗಿಸಿ, ಆ ಕಿಣ್ವವನ್ನು ಸುಮ್ಮನಾಗಿಸುತ್ತಾರೆ. ಮತ್ತೆ ಹಬೆಯಲ್ಲಿ ಮೆತ್ತಗೆ ಮಾಡಿ, ಉರುಳೆಗಳ ನಡುವೆ ಚಪ್ಪಟೆ ಒತ್ತಿದರೆ ರೋಲ್ಡ್ ಓಟ್ಸ್. ನೆನೆಸಿದ ಭತ್ತವನ್ನು ಹುರಿದು ಕುಟ್ಟಿ ಅವಲಕ್ಕಿ ಮಾಡುವ ಕ್ರಮಕ್ಕೂ ಇದಕ್ಕೂ ಹೆಚ್ಚಿನ ಅಂತರವಿಲ್ಲ. ಒಲೆ ಹಚ್ಚದೆ, ನೆನೆಸಿ ತಿನ್ನಲು ಬರುವುದು ಎರಡಕ್ಕೂ ಶಾಖ ಮೊದಲೇ ತಾಗಿರುವುದರಿಂದಲೇ. ರಾತ್ರಿ ನೆನೆಸಿದ ಓಟ್ಸ್ ಹಸಿಯಲ್ಲವೇ, ಹೊಟ್ಟೆ ಕೆಡುವುದಿಲ್ಲವೇ ಎಂದು ಕೇಳುವ ಅಜ್ಜಿಯರಿಗೆ ಇದೇ ಉತ್ತರ.

ಚಪ್ಪಟೆ ಓಟ್ಸನ್ನು ಮನೆಮನೆಗೆ ಮುಟ್ಟಿಸಿದ್ದು ಅಮೆರಿಕದ ಓಹಾಯೊ ರಾಜ್ಯ. ಜರ್ಮನಿಯಿಂದ ವಲಸೆ ಬಂದ ಫರ್ಡಿನಾಂಡ್ ಶೂಮಾಕರ್ 1850ರ ದಶಕದಲ್ಲಿ ಆಕ್ರನ್ ಊರಿನಲ್ಲಿ ಓಟ್ಸ್ ಗಿರಣಿ ಹಾಕಿದರು. ಅಲ್ಲೇ ಹತ್ತಿರದ ರವೆನ್ನಾದಲ್ಲಿ 1877ರಲ್ಲಿ ಕ್ವೇಕರ್ ಎಂಬ ಮುದ್ರೆ ನೋಂದಣಿಯಾಯಿತು. 1881ರಲ್ಲಿ ಆ ಗಿರಣಿ ಕೊಂಡ ಹೆನ್ರಿ ಕ್ರೋವೆಲ್ ಪೊಟ್ಟಣ ಕಟ್ಟಿ, ಜಾಹೀರಾತು ಕೊಟ್ಟು ಮಾರುವ ಹೊಸ ವಿದ್ಯೆಯನ್ನೇ ಕಲಿಸಿದರು. ಆದರೆ ಆಗ ಓಟ್ಸ್ ಎಂದರೆ ಬಿಸಿ ಗಂಜಿ. ಕಾನೂನು ಓದಲು 1888ರಲ್ಲಿ ಲಂಡನ್ನಿಗೆ ಹೋದ ಗಾಂಧೀಜಿ, ಸಸ್ಯಾಹಾರ ಸಿಗದೆ ಮಧ್ಯಾಹ್ನ ರಾತ್ರಿ ಅರೆಹೊಟ್ಟೆಯಲ್ಲಿರುತ್ತಿದ್ದ ಆರಂಭದ ದಿನಗಳಲ್ಲಿ, ಬೆಳಗಿನ ಓಟ್ಸ್ ಗಂಜಿಯೊಂದೇ ಹೊಟ್ಟೆ ತುಂಬಿಸುತ್ತಿದ್ದುದನ್ನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಹಣ್ಣಿನ ಬಟ್ಟಲು ಧಾನ್ಯದ ಬಟ್ಟಲಾದದ್ದು ಪೊಟ್ಟಣದಿಂದ. ತುರಿದ ಸೇಬನ್ನು ಡಬ್ಬಿಯಲ್ಲಿ ತುಂಬಿ ಅಂಗಡಿಯಲ್ಲಿ ತಿಂಗಳುಗಟ್ಟಲೆ ಇಡಲಾಗದು. ಓಟ್ಸನ್ನು ಇಡಬಹುದು, ಒಣದ್ರಾಕ್ಷಿ, ಬಾದಾಮಿ, ಒಣಗಿಸಿದ ಸೇಬಿನ ಚೂರನ್ನೂ ಇಡಬಹುದು. 20ನೇ ಶತಮಾನದ ನಡುವಿನ ಹೊತ್ತಿಗೆ ಬಿರ್ಷರ್ ಅವರ ತಿನಿಸು ‘ಮ್ಯೂಸ್ಲಿ’ ಎಂಬ ಹೆಸರಿನಲ್ಲಿ ಒಣ ಮಿಶ್ರಣವಾಗಿ ಬಿಕರಿಯಾಗತೊಡಗಿತು. ಸೇಬು ಕೈಬಿಟ್ಟುಹೋಯಿತು, ಸಕ್ಕರೆ ಒಳಬಂತು. 2010ರ ಆಸುಪಾಸಿನಲ್ಲಿ ಅಮೆರಿಕದ ಯುವಜನ ಫ್ರಿಜ್ಜು ಮತ್ತು ಅಗಲ ಬಾಯಿಯ ಗಾಜಿನ ಬಾಟಲಿ ಹಿಡಿದು ಹಳೆಯ ನೆನೆಸುವ ಕ್ರಮಕ್ಕೆ ಮರಳಿದಾಗ, ಅವರು ಮರಳಿದ್ದು ಓಟ್ಸಿಗೆ, ಸೇಬಿಗಲ್ಲ. ಅರ್ಧ ಬಟ್ಟಲು ಓಟ್ಸ್, ಅಷ್ಟೇ ಹಾಲು, ಅಂದಕ್ಕೆ ನಾಲ್ಕು ಹಣ್ಣಿನ ಹೋಳು.

ಇದರಿಂದ ನಷ್ಟ ಮಾತ್ರ ಆಯಿತು ಎನ್ನಲಾಗದು. ಓಟ್ಸಿನಲ್ಲಿ ಬೀಟಾ-ಗ್ಲುಕಾನ್ ಎಂಬ ಕರಗುವ ನಾರಿದೆ. ನೆನೆದಾಗ ಲೋಳೆಯಂತಾಗುವುದು ಅದರ ಗುಣದಿಂದ. ದಿನಕ್ಕೆ 3 ಗ್ರಾಂ ಬೀಟಾ-ಗ್ಲುಕಾನ್ ಕೆಟ್ಟ ಕೊಲೆಸ್ಟೆರಾಲನ್ನು ತಗ್ಗಿಸಲು ನೆರವಾಗುತ್ತದೆ ಎಂಬ ಆಧಾರದ ಮೇಲೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1997ರಲ್ಲಿ ಓಟ್ಸ್ ಪೊಟ್ಟಣಗಳ ಮೇಲೆ ಹೃದಯದ ಆರೋಗ್ಯದ ಮಾತು ಮುದ್ರಿಸಲು ಅನುಮತಿ ಕೊಟ್ಟಿತು. 40 ಗ್ರಾಂ ಓಟ್ಸಿನಲ್ಲಿ ಅದರ ಸುಮಾರು ಅರ್ಧ ಸಿಗುತ್ತದೆ. ಬಿರ್ಷರ್ ಅವರ ಒಂದು ಚಮಚದಲ್ಲಿ ಅಷ್ಟಿರಲು ಸಾಧ್ಯವಿಲ್ಲ. ಆದರೆ ನೆನೆಸಿದರೆ ಫೈಟಿಕ್ ಆಮ್ಲವೆಲ್ಲ ಕಳೆದುಹೋಗಿ ಕಬ್ಬಿಣಾಂಶ ಪೂರ್ತಿ ದೇಹಕ್ಕೆ ದಕ್ಕುತ್ತದೆ ಎಂಬ ಪ್ರಚಾರವಿದೆಯಲ್ಲ, ಅದನ್ನು ನಂಬಬೇಕಿಲ್ಲ. ಆ ಆಮ್ಲವನ್ನು ಒಡೆಯುವ ಕಿಣ್ವ ಓಟ್ಸಿನಲ್ಲಿ ಮೊದಲೇ ಕಡಿಮೆ. ಇದ್ದದ್ದೂ ಗಿರಣಿಯ ಹಬೆಯಲ್ಲಿ ನಾಶವಾಗಿರುತ್ತದೆ. ಕಬ್ಬಿಣಾಂಶ ಹೀರಿಕೊಳ್ಳಲು ನಿಜವಾಗಿ ನೆರವಾಗುವುದು ಸಿ ಜೀವಸತ್ವ, ಅಂದರೆ ಮತ್ತೆ ನಿಂಬೆ, ಮತ್ತೆ ಹಣ್ಣು. ನಮ್ಮ ಸೀಬೆಹಣ್ಣಿನಲ್ಲಿರುವ ಸಿ ಜೀವಸತ್ವದ ಮುಂದೆ ಸೇಬು ತೀರಾ ಬಡವ.

ಚಕ್ಕೆ, ಏಲಕ್ಕಿ, ಶುಂಠಿ, ಜಾಯಿಕಾಯಿ ಬಿರ್ಷರ್ ಪಟ್ಟಿಯಲ್ಲಿ ಇರಲಿಲ್ಲ. ಸೇಬಿಗೆ ಚಕ್ಕೆ ಜೋಡಿಸುವ ಪಶ್ಚಿಮದ ಹಳೆಯ ಅಡುಗೆ ರೂಢಿಯಿಂದ ಅವು ಬಂದು ಸೇರಿದವು. ಬಂದದ್ದು ಒಳ್ಳೆಯದೇ, ಅವುಗಳ ಪರಿಮಳ ಬಾಯಿಗೆ ಸಿಹಿಯ ಭಾವ ಕೊಡುವುದರಿಂದ ಸಕ್ಕರೆ ಕಡಿಮೆ ಸಾಕಾಗುತ್ತದೆ. ಮಸಾಲೆಯ ಘಮವಿರುವುದು ಎಣ್ಣೆಯಲ್ಲಿ ಕರಗುವ ಅಂಶಗಳಲ್ಲಿ. ತಣ್ಣೀರಿಗೆ ಅದು ಸುಲಭವಾಗಿ ಬಿಟ್ಟುಕೊಡದು. ಕೆನೆ ಇರುವ ಹಾಲನ್ನು ಜಜ್ಜಿದ ಏಲಕ್ಕಿ, ಚಕ್ಕೆಯೊಂದಿಗೆ ಕಾಯಿಸಿ, ಆರಿಸಿ, ಆಮೇಲೆ ಓಟ್ಸಿಗೆ ಸುರಿದರೆ ಬೆಳಗಿಗೆ ಬಟ್ಟಲು ತುಂಬ ಪರಿಮಳ. ಒಂದು ಎಚ್ಚರಿಕೆ ಬೇಕು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ದಪ್ಪ ತೊಗಟೆಯ ಚಕ್ಕೆ ಕ್ಯಾಸಿಯಾ ಜಾತಿಯದು. ಅದರಲ್ಲಿ ಕೂಮರಿನ್ ಎಂಬ, ಅತಿಯಾದರೆ ಯಕೃತ್ತಿಗೆ ತೊಂದರೆ ಕೊಡಬಲ್ಲ ಅಂಶವಿದೆ. ದಿನವೂ ತಿನ್ನುವವರು ಕಾಲು ಟೀ ಚಮಚ ಪುಡಿಗೆ ನಿಲ್ಲಿಸಬೇಕು, ಇಲ್ಲವೇ ತೆಳು ಪದರಗಳ ಸಿಲೋನ್ ಚಕ್ಕೆ ಕೊಳ್ಳಬೇಕು. ಏಲಕ್ಕಿಗೆ ಈ ರಗಳೆಯಿಲ್ಲ. ಕೊಡಗು, ಸಕಲೇಶಪುರದ ತೋಟಗಳು ಕೈಗೆಟಕುವಷ್ಟು ಹತ್ತಿರವಿರುವಾಗ ಅದೇ ಮುಂದಿರಲಿ.

ಹಾಗಾದರೆ ಮಾಡುವುದು ಹೇಗೆ? ಒಬ್ಬರಿಗೆ 30ರಿಂದ 40 ಗ್ರಾಂ ರೋಲ್ಡ್ ಓಟ್ಸ್ ಸಾಕು. ಇನ್‌ಸ್ಟಂಟ್ ಓಟ್ಸ್ ನೆನೆದರೆ ಮುದ್ದೆಯಾಗುತ್ತದೆ, ನುಚ್ಚಿನಂತಿರುವ ಸ್ಟೀಲ್‌ಕಟ್ ರಾತ್ರಿ ಕಳೆದರೂ ಗಟ್ಟಿಯಾಗಿಯೇ ಉಳಿಯುತ್ತದೆ. ಅದಕ್ಕೆ ಒಂದು ಲೋಟದ ಮುಕ್ಕಾಲು ಭಾಗ ಮಸಾಲೆ ಹಾಲು, ಎರಡು ಚಮಚ ಮೊಸರು, ಚಿಟಿಕೆ ಉಪ್ಪು. ಬಿರ್ಷರ್ ಬರೀ ನೀರಿನಲ್ಲಿ ನೆನೆಸುತ್ತಿದ್ದುದರಿಂದ, ಅದೂ ಜ್ಯೂರಿಕ್‌ನ ಚಳಿಯಲ್ಲಿ, ಹೊರಗಿಟ್ಟರೂ ನಡೆಯುತ್ತಿತ್ತು. ಹಾಲು ಬೆರೆಸಿದ್ದನ್ನು ನಮ್ಮ ಸೆಕೆಯಲ್ಲಿ ಹೊರಗಿಡುವ ಹಾಗಿಲ್ಲ. ಫ್ರಿಜ್ಜು ಬೇಕೇಬೇಕು, ಎರಡು ದಿನದೊಳಗೆ ತಿಂದು ಮುಗಿಸಬೇಕು. ಬೆಳಿಗ್ಗೆ ಇಡೀ ಒಂದು ಹಣ್ಣು, ಓಟ್ಸಿಗಿಂತ ಹೆಚ್ಚೇ ಕಾಣುವಷ್ಟು: ತುರಿದ ಸೇಬು, ಹೆಚ್ಚಿದ ಸೀಬೆ, ಮಾವು ಅಥವಾ ಏಲಕ್ಕಿ ಬಾಳೆ, ಮೇಲೆ ಒಂದಿಷ್ಟು ನಿಂಬೆರಸ. ಪಪ್ಪಾಯಿ ಮತ್ತು ಅನಾನಸನ್ನು ರಾತ್ರಿಯೇ ಹಾಲಿಗೆ ಹಾಕಿಟ್ಟರೆ ಅವುಗಳ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಬೆಳಗಾಗುವಷ್ಟರಲ್ಲಿ ಕಹಿ ಮಾಡಿರುತ್ತದೆ. ಅನಾನಸ್ ರಾತ್ರಿಯೇ ಸೇರಬೇಕೆಂದಿದ್ದರೆ ಹೋಳುಗಳನ್ನು ಸ್ವಲ್ಪ ಬೆಲ್ಲ, ಶುಂಠಿಪುಡಿಯೊಂದಿಗೆ ಬಾಣಲೆಯಲ್ಲಿ ಚೆನ್ನಾಗಿ ಬೇಯಿಸಿ ಆರಿಸಿಕೊಳ್ಳಬೇಕು. ಶಾಖಕ್ಕೆ ಆ ಕಿಣ್ವ ಉಳಿಯುವುದಿಲ್ಲ.