ಬೋರು ಮಾಡಿಸಿದ ಹಳೆಯ ಎಂಜಿನ್ ಬ್ಲಾಕು: ಕೊಳ್ಳಬೇಕೇ, ಬಿಡಬೇಕೇ?



2024ನೇ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬೇಕು. ಕಾಲುವೆಯೊಂದನ್ನೇ ನಂಬಿದವರಿಗೆ ಅದು ಎಚ್ಚರಿಕೆಯಾಯಿತು. ಸಿರುಗುಪ್ಪದ ಕಡೆ ಹೊಳೆ, ಹಳ್ಳಗಳಿಂದ ಭತ್ತಕ್ಕೆ ನೀರೆತ್ತುವವರಿಗೂ, ಕುರುಗೋಡಿನ ಕಡೆ ಮೆಣಸಿನಕಾಯಿ, ಹತ್ತಿ ಹಾಕಿದವರಿಗೂ ಡೀಸೆಲ್ ಎಂಜಿನ್ ಇಂದಿಗೂ ಆಪತ್ಕಾಲದ ನಂಟ. ಅದು ಕೆಟ್ಟಾಗ ಬಳ್ಳಾರಿಗೆ ಹೋಗಿ ಹಳೆಯ ಬ್ಲಾಕು ಹುಡುಕುತ್ತೀರಿ. "ಒಂದೇ ಬೋರು ಆಗೈತ್ರಿ, ಇನ್ನೂ ಗಟ್ಟಿ ಐತ್ರಿ" ಎಂದು ಮಾರುವವ ಹೇಳುತ್ತಾನೆ. ಈ ಮಾತನ್ನು ಹೇಗೆ ಪರೀಕ್ಷಿಸಬೇಕು ಎಂಬುದನ್ನು ಈಗ ನೋಡೋಣ.

ಇಲ್ಲಿ ಬೋರು ಎಂದರೆ ಕೊಳವೆ ಬಾವಿಯಲ್ಲ. ಪಿಸ್ಟನ್ ಆಡುವ ಸಿಲಿಂಡರಿನ ಒಳಗೋಡೆ. ಪಿಸ್ಟನ್ ರಿಂಗುಗಳು ಉಜ್ಜಿ ಉಜ್ಜಿ ಈ ಗೋಡೆ ಸವೆಯುತ್ತದೆ. ಬೆಂಕಿಯ ಕಾವು ಹೆಚ್ಚು, ಎಣ್ಣೆ ಕಡಿಮೆ ಇರುವ ಮೇಲ್ಭಾಗದಲ್ಲಿ ಸವೆತ ಹೆಚ್ಚು. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ಬರುತ್ತದೆ. ಆಗ ಲೇತು ಅಂಗಡಿಯಲ್ಲಿ ಗೋಡೆಯನ್ನು ಕೊರೆಸಿ, ಮತ್ತೆ ದುಂಡಗೆ ಮಾಡಿಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕುತ್ತಾರೆ. ಪ್ರತಿ ಸಲ ಕೊರೆದಾಗಲೂ ಗೋಡೆ ತೆಳ್ಳಗಾಗುತ್ತದೆ. ಆದುದರಿಂದ ಇದಕ್ಕೊಂದು ಮಿತಿ ಉಂಟು.

ಮೊದಲು ಕೇಳಬೇಕಾದ ಪ್ರಶ್ನೆ: ಈ ಬ್ಲಾಕಿಗೆ ನೀರು ತಾಗುವ ಲೈನರ್ ಉಂಟೋ, ಇಲ್ಲವೋ? ಲೈನರ್ ಇದ್ದರೆ ಬೋರಿನ ಚಿಂತೆ ಬೇಡ. ಹಳೆಯದನ್ನು ತೆಗೆದು ಹೊಸ ಲೈನರ್ ಹಾಕಿದರಾಯಿತು. ಅಂಥ ಬ್ಲಾಕಿನಲ್ಲಿ ಲೈನರ್ ಕೂರುವ ಅಂಚನ್ನೂ, ರಬ್ಬರ್ ರಿಂಗು ಕೂರುವ ಜಾಗವನ್ನೂ ನೋಡಿರಿ. ಅಲ್ಲಿ ತುಕ್ಕು ತಿಂದು ಗುಳಿ ಬಿದ್ದಿದ್ದರೆ ನೀರು ಎಣ್ಣೆಯೊಳಗೆ ಇಳಿಯುತ್ತದೆ.

ಲೈನರ್ ಇಲ್ಲದಿದ್ದರೆ ಅಳತೆಯೇ ಎಲ್ಲ. ಬೆರಳಿನಿಂದ ಮೇಲಂಚನ್ನು ಸವರಿರಿ. ಮೆಟ್ಟಿಲಿನಂತೆ ತಡೆದರೆ ಸವೆತ ಬಹಳವಾಗಿದೆ ಎಂದು ಅರ್ಥ. ಆದರೆ ಬೆರಳು ಸಾಕಾಗದು. ಬೋರ್ ಗೇಜ್ ಇರುವ ಲೇತಿನವನಿಂದ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ, ಒಟ್ಟು ಆರು ಅಳತೆ ತೆಗೆಸಿರಿ. ಅವುಗಳಲ್ಲಿ ಅತಿ ದೊಡ್ಡದೇ ನಿಮ್ಮ ಲೆಕ್ಕಕ್ಕೆ ಬರುವುದು.

ಒಂದು ಉದಾಹರಣೆ. ಕಾರ್ಖಾನೆಯಿಂದ ಬಂದಾಗ ಬೋರು 80 ಮಿಲಿಮೀಟರ್ ಇತ್ತೆನ್ನಿ. ಹೆಚ್ಚಳದ ಸೈಜುಗಳು ಸಾಮಾನ್ಯವಾಗಿ 0.25, 0.50, 0.75, 1.00 ಮಿಲಿಮೀಟರ್. ಮೆಕ್ಯಾನಿಕ್ಕುಗಳು ಇಪ್ಪತ್ತು, ನಲವತ್ತು ಎಂದರೆ ಅದು ಅಂಗುಲದ ಸಾವಿರದ ಲೆಕ್ಕ. ಇಪ್ಪತ್ತು ಎಂದರೆ ಸುಮಾರು 0.50. ಒಮ್ಮೆ ಬೋರು ಮಾಡಿಸಿ 80.50 ಆದ ಬ್ಲಾಕು ಈಗ 80.62 ತೋರಿಸಿದರೆ, 80.75ಕ್ಕೆ ಇನ್ನೂ 0.13 ಉಳಿದಿದೆ. ಗೀರು ಆಳವಿಲ್ಲದಿದ್ದರೆ ಕೊರೆದು ಸರಿಪಡಿಸಬಹುದು. ಅದೇ 80.95 ತೋರಿಸಿದರೆ ಕೊನೆಯ ಸೈಜಾದ 81ಕ್ಕೆ ಉಳಿದದ್ದು 0.05 ಮಾತ್ರ. ಅದು ಸವೆತವನ್ನು ಪೂರ್ತಿ ತೆಗೆಯಲು ಸಾಲದೆ ಹೋಗಬಹುದು. ಅಂಥದಕ್ಕೆ ಸ್ಲೀವು ಹಾಕಿಸುವ ಖರ್ಚನ್ನು ಈಗಲೇ ಸೇರಿಸಿಕೊಳ್ಳಿರಿ. ಎಷ್ಟು ಸಲ ಬೋರಾಗಿದೆ ಎಂಬ ಮಾತಿಗಿಂತ ಎಷ್ಟು ಉಳಿದಿದೆ ಎಂಬ ಅಳತೆಯೇ ಮುಖ್ಯ.

ಇನ್ನೊಂದು ಮಾತು. ಎಲ್ಲ ಎಂಜಿನ್ನಿಗೂ ಎಲ್ಲ ಸೈಜಿನ ಪಿಸ್ಟನ್ ಸಿಗುವುದಿಲ್ಲ. ಪಿಸ್ಟನ್, ರಿಂಗು ಕೈಗೆ ಬಂದ ಮೇಲೆಯೇ, ಆ ಪಿಸ್ಟನ್ನಿನ ಅಳತೆಗೆ ತಕ್ಕಂತೆ ಕೊರೆಸಿರಿ.

ಬಿರುಕನ್ನು ಹೀಗೆ ಹುಡುಕಿರಿ. ಬ್ಲಾಕನ್ನು ತೊಳೆದು ಒಣಗಿಸಿ, ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡಿ. ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದಲ್ಲಿ ಎಣ್ಣೆ ಹೊರಬಂದು ಒದ್ದೆ ಗೆರೆ ಮೂಡುತ್ತದೆ. ಹೆಡ್ಡು ಕೂರುವ ಮೈ ಸಮತಟ್ಟಾಗಿದೆಯೇ, ಮೇನ್ ಬೇರಿಂಗ್ ಕೂರುವ ಜಾಗ ತಿರುಗಿ ಸವೆದಿಲ್ಲವೇ, ಬೋಲ್ಟಿನ ಮರೆಗಳು ಗಟ್ಟಿಯಿವೆಯೇ ಎಂಬುದನ್ನೂ ನೋಡಿಸಿರಿ. ನೀರಿನ ಕೋಣೆಯ ಮೇಲೆ ಬೆಸುಗೆ ಕಂಡರೆ, ನೀರಿನ ಒತ್ತಡ ಕೊಟ್ಟು ಪರೀಕ್ಷಿಸದೆ ಹಣ ಕೊಡಬೇಡಿರಿ.

ಟ್ರ್ಯಾಕ್ಟರ್ ಬ್ಲಾಕಾದರೆ ಎಂಜಿನ್ ನಂಬರು ಮುಖ್ಯ. ನಂಬರು ಅಳಿಸಿದ್ದನ್ನು ಮುಟ್ಟಲೇಬೇಡಿರಿ. ಬಿಲ್ಲು ಪಡೆಯಿರಿ, ಬ್ಲಾಕು ಬದಲಾಯಿಸುವಾಗ ಆರ್.ಟಿ.ಓ. ಕಚೇರಿಯ ದಾಖಲೆಯಲ್ಲೂ ಅದನ್ನು ಸೇರಿಸಬೇಕು.

ಕೊನೆಗೆ, ಗಂಡಹೆಂಡಿರು ಕೂಡಿ ಕುಳಿತು ಲೆಕ್ಕ ಬರೆಯಿರಿ: ಬ್ಲಾಕಿನ ಬೆಲೆ, ಕೊರೆತದ ಕೂಲಿ, ಪಿಸ್ಟನ್ ರಿಂಗು, ಬೇರಿಂಗು, ಗಾಡಿ ಬಾಡಿಗೆ, ಅಷ್ಟು ದಿನ ಬೆಳೆಗೆ ನೀರಿಲ್ಲದ ನಷ್ಟ. ಈ ಮೊತ್ತವನ್ನು ಹೊಸ ಬ್ಲಾಕಿನ ಬೆಲೆಗೂ, ಇಡೀ ಎಂಜಿನ್ನಿನ ಬೆಲೆಗೂ ಹೋಲಿಸಿರಿ. ಉಳಿತಾಯ ಕಡಿಮೆಯಿದ್ದರೆ ಹೊಸದೇ ಲೇಸು. ಕೊಳ್ಳುವುದೇ ಆದರೆ, "ಅಳತೆ ಸರಿಬಾರದಿದ್ದರೆ ಹಣ ವಾಪಸು" ಎಂದು ಚೀಟಿಯಲ್ಲಿ ಬರೆಸಿಕೊಳ್ಳಿರಿ. ಅಗ್ಗವೆಂದು ಮುಗ್ಗಿದ ಜೋಳ ತಂದರೆ ರೊಟ್ಟಿ ಕಹಿಯೇ ಅಲ್ಲವೇ?

ಸರಿಮಾಡಿಸಿದ ಮೇಲೂ ಗಾಳಿಶೋಧಕವನ್ನು ಮರೆಯಬೇಡಿರಿ. ನಮ್ಮ ಎರೆಹೊಲದ ಧೂಳು ಒಳಗೆ ಹೋದರೆ ಹೊಸ ಬೋರು ಕೂಡ ಬೇಗನೆ ಸವೆಯುತ್ತದೆ. ಅದನ್ನು ಆಗಾಗ ಬಿಚ್ಚಿ ತೊಳೆದು, ಎಣ್ಣೆ ಬದಲಾಯಿಸಿರಿ. ಎಂಜಿನ್ ಬಾಳಿದರೆ ಬೆಳೆ ಬಾಳುತ್ತದೆ.