ಸೀರಣಿಗೆ ಮತ್ತು ತಲೆಯ ಆರೋಗ್ಯ

ಕುಷಾಯಿಗೂಡದ ನಮ್ಮ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ನಡೆದ ಸಂಗತಿ. ಶಾಲೆಯಿಂದ ಬಂದ ಮಗಳು ಎಡೆಬಿಡದೆ ತಲೆ ಕೆರೆದುಕೊಳ್ಳುತ್ತಿದ್ದಳು. ನೆರೆಮನೆಯ ತೆಲುಗು ಗೃಹಿಣಿ ಕೂದಲು ಬಿಡಿಸಿ ನೋಡಿ "ಪೇಲು" ಎಂದರು. ಅವರ 'ಪಾಲು' ನಮ್ಮಲ್ಲಿ 'ಹಾಲು' ಆದಂತೆ ಅವರ 'ಪೇನು' ನಮ್ಮ 'ಹೇನು' ಎಂದು ತಿಳಿಯಲು ನನ್ನ ಪತ್ನಿಗೆ ಭಾಷಾಶಾಸ್ತ್ರ ಬೇಕಾಗಲಿಲ್ಲ. ನಾಚಿಕೆಯೋ ನಾಚಿಕೆ! ಪರಿಚಿತರೊಬ್ಬರು ಸೀಮೆಎಣ್ಣೆ ಹಚ್ಚಲು ಸಲಹೆಯಿತ್ತರು. ಹಾಗೆಯೇ ಮಾಡಹೊರಟಿದ್ದ ನಮ್ಮನ್ನು ತಡೆದವರು ಊರಿನಿಂದ ಬಂದಿದ್ದ ನನ್ನ ತಾಯಿ. ಅವರ ಪೆಟ್ಟಿಗೆಯಿಂದ ಹೊರಬಂದದ್ದು ಎಣ್ಣೆ ಕುಡಿದು ಕಪ್ಪಾದ, ಅಂಗೈಯಗಲದ ಮರದ ಸೀರಣಿಗೆ.

ಸೀರು ಎಂದರೆ ಹೇನಿನ ಮೊಟ್ಟೆ. ಅದನ್ನು ತೆಗೆಯುವ ಹಣಿಗೆ ಸೀರಣಿಗೆ. ಮರದ ಎಳೆ ಹಲ್ಲಿನ ಉದ್ದಕ್ಕೇ ಬರುವಂತೆ ಹಲಗೆಯನ್ನು ಹಿಡಿದು, ಸಣ್ಣ ಗರಗಸದಿಂದ ಒಂದೊಂದೇ ಹಲ್ಲನ್ನು ಬಿಡಿಸಬೇಕು. ಎಳೆ ಅಡ್ಡವಾದರೆ ಹಲ್ಲು ನಿಲ್ಲುವುದಿಲ್ಲ. ಒಂದು ಅಂಚಿನಲ್ಲಿ ಸಿಕ್ಕು ಬಿಡಿಸುವ ಬಿಡಿ ಹಲ್ಲು, ಇನ್ನೊಂದರಲ್ಲಿ ಒತ್ತು ಹಲ್ಲು. ಈ ರೂಪ ಬಹಳ ಹಳೆಯದು. ಇಸ್ರೇಲಿನ ಲಾಕೀಶ್ ಎಂಬಲ್ಲಿ ದೊರೆತ, ಸುಮಾರು 3,700 ವರ್ಷ ಹಳೆಯದೆನ್ನಲಾದ ದಂತದ ಬಾಚಣಿಗೆಯಲ್ಲಿಯೂ ಒಂದು ಕಡೆ 6 ದಪ್ಪ ಹಲ್ಲು, ಇನ್ನೊಂದು ಕಡೆ 14 ಸಣ್ಣ ಹಲ್ಲುಗಳಿದ್ದವು. ಅದರ ಮೇಲಿನ ಬರಹವನ್ನು ವಿದ್ವಾಂಸರು 2022ರಲ್ಲಿ ಪ್ರಕಟಿಸಿದರು: ತಲೆಯ ಮತ್ತು ಗಡ್ಡದ ಹೇನು ಹೋಗಲಿ ಎಂಬ ಪ್ರಾರ್ಥನೆ! ಅಲ್ಲಿಯವರಿಗೂ ನಮ್ಮಂತೆಯೇ ತಲೆ ಕೆರೆಯುತ್ತಿತ್ತು.

ಹೇನಿನ ಲೆಕ್ಕ ಚಕ್ರಬಡ್ಡಿಯ ಲೆಕ್ಕ. ಹೆಣ್ಣು ಹೇನು ಸುಮಾರು ಒಂದು ತಿಂಗಳು ಬದುಕಿ, ದಿನಕ್ಕೆ 8ರವರೆಗೆ ಮೊಟ್ಟೆಗಳನ್ನು ಕೂದಲ ಬುಡದಲ್ಲಿ ಅಂಟಿಸುತ್ತದೆ. ವಾರದೊಳಗೋ ತುಸು ತಡವಾಗಿಯೋ ಅವು ಒಡೆಯುತ್ತವೆ. ಮರಿಗಳು ಮತ್ತೆ 9ರಿಂದ 12 ದಿನಗಳಲ್ಲಿ ಬೆಳೆದು ನಿಲ್ಲುತ್ತವೆ. ಆದುದರಿಂದ ಒಂದು ಭಾನುವಾರ ಬಾಚಿ ಬಿಟ್ಟರೆ ಅಸಲು ಹೋಗಿ ಬಡ್ಡಿ ಉಳಿದಂತೆ. ಎರಡು ಮೂರು ದಿನಕ್ಕೊಮ್ಮೆ, ಎರಡು ಮೂರು ವಾರ ಬಿಡದೆ ಬಾಚಬೇಕು. ಕೂದಲಿಗೆ ಧಾರಾಳವಾಗಿ ಎಣ್ಣೆ ಹಚ್ಚಿ, ಸಣ್ಣ ಸಣ್ಣ ಪಾಲು ಮಾಡಿ, ನೆತ್ತಿಯ ಬುಡದಿಂದ ತುದಿಯವರೆಗೆ ಎಳೆದು, ಪ್ರತಿ ಎಳೆತಕ್ಕೂ ಬಿಳಿಯ ಬಟ್ಟೆಯಲ್ಲಿ ಒರೆಸಬೇಕು. ನನ್ನ ತಾಯಿ ಸಂಜೆಯ ಬೆಳಕಿನಲ್ಲಿ ಮೊಮ್ಮಗಳನ್ನು ಮಂಡಿಯ ನಡುವೆ ಕೂರಿಸಿಕೊಂಡು ಹೀಗೆಯೇ ಮಾಡಿದರು.

ಸೀಮೆಎಣ್ಣೆಯ ಮಾತು. ಅದು ಬೇಗ ಹೊತ್ತಿಕೊಳ್ಳುವ ವಸ್ತು, ವಿಷವೂ ಹೌದು. ಮಗುವಿನ ತಲೆಗೆ ಸರ್ವಥಾ ಸಲ್ಲದು. ಕೀಟನಾಶಕಗಳೂ ಹಾಗೆಯೇ. ಬಾಚಿದರೂ ಹೋಗದಿದ್ದರೆ, ಕೆರೆದು ಹುಣ್ಣಾಗಿದ್ದರೆ ವೈದ್ಯರನ್ನು ಕಾಣಬೇಕು. ತಲೆಯ ಹೇನು ಬೇರೆ ರೋಗಗಳನ್ನು ಹರಡುವುದಿಲ್ಲ. ತಲೆಗೆ ತಲೆ ತಗುಲಿದರೆ ಎಂತಹ ಶುಚಿಯಾದ ಮನೆಗೂ ಬರುತ್ತದೆ. ನಾವು ನಾಚಿದ್ದು ವ್ಯರ್ಥ.

ಬೇವಿನ ಬಾಚಣಿಗೆ ಹೊಟ್ಟನ್ನು ಗುಣಪಡಿಸುತ್ತದೆಂದು ಈಗ ದುಬಾರಿ ಬೆಲೆಗೆ ಮಾರುತ್ತಾರೆ. ನನಗೆ ನಂಬಿಕೆಯಿಲ್ಲ. ಕೆಲಸ ಮಾಡುವುದು ಮರವಲ್ಲ, ಹಲ್ಲುಗಳ ಒತ್ತು ಮತ್ತು ಬಾಚುವವರ ತಾಳ್ಮೆ. ಮರದ ಬಾಚಣಿಗೆಯನ್ನು ನೀರಿನಲ್ಲಿ ನೆನೆಯಿಡಬಾರದು, ಹಲ್ಲು ಊದಿ ಬಾಗುತ್ತದೆ. ಹಲ್ಲು ಮುರಿದರೆ ಆ ಸಂದಿನಲ್ಲಿ ಹೇನು ನುಸುಳುತ್ತದೆ. ತಾಯಿಯ ಸೀರಣಿಗೆಯಲ್ಲಿ ಈಗ ಎರಡು ಹಲ್ಲು ಹೋಗಿವೆ. ಬಾಚಲು ಲೋಹದ್ದನ್ನು ತಂದಿದ್ದೇವೆ, ಅದನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಅದ್ದಿ ತೊಳೆಯಬಹುದು. ಹಳೆಯದು ದೇವರ ಕೋಣೆಯ ಗೂಡಿನಲ್ಲಿದೆ, ಏಕೋ ಬಿಸಾಡಲು ಯಾರಿಗೂ ಮನಸ್ಸಾಗಿಲ್ಲ.