ಗಾಳಿಬೀಡಿನ ಇಳಿಜಾರಿಗೆ ಎಷ್ಟು ದೊಡ್ಡ ಟಯರ್ ಬೇಕು?

ಮುಂಗಾರು ಹಿಡಿಯುವ ಮೊದಲು ಸವೆದ ಟಯರ್ ಬದಲಿಸುವುದು ಮಡಿಕೇರಿ ಬಳಿಯ ಗಾಳಿಬೀಡಿನ ಕಡೆ ಪಿಕಪ್ ಇಟ್ಟುಕೊಂಡವರಿಗೆ ಮನೆಯ ಹೆಂಚು ಸರಿಪಡಿಸಿದಷ್ಟೇ ಅಗತ್ಯದ ಕೆಲಸ. ಗಾಡಿಯನ್ನು ಮಡಿಕೇರಿಯ ಅಂಗಡಿಯ ಮುಂದೆ ನಿಲ್ಲಿಸಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: “ಅಣ್ಣಾ, ಒಂದು ಸೈಜ್ ದೊಡ್ಡದು ಹಾಕಿದರೆ ಆಗಲ್ವಾ?” ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳ ಅಗಲ ಟಯರ್ ನೋಡಿದವರಿಗೆ ಈ ಆಸೆ ಸಹಜ. ಆದರೆ ಕಾಫಿ ಚೀಲ, ಗೊಬ್ಬರ, ಸೌದೆ ಹೊರುವ ಪಿಕಪ್ಪಿಗೆ ಈ ಆಸೆ ಒಳ್ಳೆಯದಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ.

ಲೆಕ್ಕ ಹಾಕಿಯೇ ನೋಡೋಣ. ಬೊಲೆರೊ ಸಾಲಿನ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಸೈಜ್ 215/75 ಆರ್ 15. ಟಯರಿನ ಅಗಲ 215 ಮಿ.ಮೀ., ಅದರ ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 75, ಒಳಗಿನ ಡಿಸ್ಕ್ 15 ಇಂಚು, ‘ಆರ್’ ಎಂದರೆ ರೇಡಿಯಲ್. ಎಲ್ಲ ಕೂಡಿಸಿದರೆ ಚಕ್ರದ ಎತ್ತರ ಸುಮಾರು 703 ಮಿ.ಮೀ. ಅದೇ ಡಿಸ್ಕಿಗೆ 235/75 ಹಾಕಿದರೆ ಸುಮಾರು 733. ಚಕ್ರ 30 ಮಿ.ಮೀ. ಬೆಳೆಯಿತು, ಆದರೆ ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುವುದು ಅದರ ಅರ್ಧ, ಒಂದೂವರೆ ಸೆಂಟಿಮೀಟರ್ ಅಷ್ಟೆ. ಮಳೆಗಾಲದಲ್ಲಿ ನಮ್ಮ ತೋಟದ ದಾರಿಗಳಲ್ಲಿ ಬೀಳುವ ಕೊರಕಲುಗಳ ಮುಂದೆ ಅದು ಯಾವ ಲೆಕ್ಕಕ್ಕೂ ಇಲ್ಲ.

ಆ ಒಂದೂವರೆ ಸೆಂಟಿಮೀಟರಿಗೆ ಕೊಡುವ ಬೆಲೆ ಮಾತ್ರ ದೊಡ್ಡದು. ಚಕ್ರ ಶೇ 4ಕ್ಕಿಂತ ಹೆಚ್ಚು ದೊಡ್ಡದಾದರೆ ಎಲ್ಲ ಗೇರುಗಳೂ ಅಷ್ಟೇ ‘ಉದ್ದ’ವಾಗುತ್ತವೆ. ಏರಿನಲ್ಲಿ ಲೋಡ್ ಗಾಡಿ ಎತ್ತಲು ಕ್ಲಚ್ಚನ್ನು ಇನ್ನಷ್ಟು ಹೊತ್ತು ಅರ್ಧ ಒತ್ತಿ ಹಿಡಿಯಬೇಕು, ಅದು ಬೇಗ ಸುಟ್ಟ ವಾಸನೆ ಬಿಡುತ್ತದೆ. ಏರಿಗಿಂತ ನನ್ನನ್ನು ಕಾಡುವುದು ಇಳಿಜಾರು. ಗಾಳಿಬೀಡಿನಿಂದ ಕಾಲೂರು, ಮುಕ್ಕೋಡ್ಲು ಕಡೆಯ ಕಡಿದಾದ ಇಳಿತಗಳಲ್ಲಿ ಅನುಭವಸ್ಥ ಚಾಲಕರು ಬ್ರೇಕಿಗಿಂತ ಹೆಚ್ಚಾಗಿ ಮೊದಲ ಗೇರನ್ನು ನಂಬುತ್ತಾರೆ. ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಇಳಿಸುತ್ತದೆ. ಚಕ್ರ ದೊಡ್ಡದಾದರೆ ಆ ಹಿಡಿತ ಸಡಿಲಾಗುತ್ತದೆ, ಅದೇ ಗೇರಿನಲ್ಲಿ ಗಾಡಿ ಇನ್ನೂ ಬೇಗ ಇಳಿಯುತ್ತದೆ. ಬ್ರೇಕ್ ಡ್ರಮ್ ಮಾತ್ರ ಹಳೆಯದೇ. ದೊಡ್ಡ ಚಕ್ರವನ್ನು ನಿಲ್ಲಿಸಲು ಅದಕ್ಕೆ ಹೆಚ್ಚು ಬಲ ಬೇಕು. ಒಂದೂವರೆ ಟನ್ ಕಾಫಿ, ಅಂದರೆ 50 ಕೆ.ಜಿ.ಯ 30 ಚೀಲ ಹೇರಿಕೊಂಡು ಮಳೆಯಲ್ಲಿ ತಿರುವು ಇಳಿಯುವಾಗ ಈ ಎರಡೂ ಕೊರತೆ ಒಟ್ಟಿಗೇ ಬರುತ್ತವೆ. ಮೀಟರ್ ಕೂಡ ಸುಳ್ಳು ಹೇಳುತ್ತದೆ: ಮುಳ್ಳು 40 ತೋರಿಸುವಾಗ ಗಾಡಿ ಹಳೆಯ ಟಯರಿನ 40ಕ್ಕಿಂತ ಗಂಟೆಗೆ ಸುಮಾರು ಒಂದೂಮುಕ್ಕಾಲು ಕಿ.ಮೀ. ವೇಗವಾಗಿ ಹೋಗುತ್ತಿರುತ್ತದೆ.

ಅಗಲ ಟಯರ್ ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆಯೂ ಇದೆ. ಗದ್ದೆಯ ಆಳ ಕೆಸರಿಗೆ ಅದು ಸರಿ. ಆದರೆ ನಮ್ಮ ದಾರಿಗಳಲ್ಲಿ ಮೇಲೆ ಒಂದು ಗೇಣು ಕೆಸರು, ಅಡಿಯಲ್ಲಿ ಗಟ್ಟಿ ನೆಲ. ಅಲ್ಲಿ ಕಿರಿದಾದ ಟಯರ್ ಕೆಸರನ್ನು ಸೀಳಿ ತಳ ಮುಟ್ಟುತ್ತದೆ, ಅಗಲದ್ದು ಮೇಲೆಯೇ ಜಾರುತ್ತದೆ. ಹಳೆಯ ವಿಲ್ಲಿಸ್ ಜೀಪುಗಳು 6.00-16ರ ಕಿರಿದಾದ ಟಯರಿನಲ್ಲೇ ಗುಡ್ಡ ಹತ್ತಿದವು. ದಪ್ಪ ಬಟನ್ ಟಯರ್ ಮಣ್ಣಿನ ದಾರಿಗೆ ಒಳ್ಳೆಯದು, ಆದರೆ ಪಾಚಿ ಹಿಡಿದ ಕಾಂಕ್ರೀಟಿನಲ್ಲಿ, ಸಂಪಾಜೆ ಘಾಟಿಯ ಒದ್ದೆ ಡಾಂಬರಿನಲ್ಲಿ ಬಟನ್ನಿನ ನಡುವಿನ ಖಾಲಿ ಜಾಗದಷ್ಟು ರಬ್ಬರ್ ನೆಲ ಬಿಟ್ಟಿರುತ್ತದೆ. ವಾರಕ್ಕೊಮ್ಮೆ ಸುಳ್ಯಕ್ಕೆ ಇಳಿಯುವ ಗಾಡಿಗೆ ಮಧ್ಯಮ ಬಟನ್ನೇ ಸಾಕು.

ದೊಡ್ಡದು ಹುಡುಕುವ ಬದಲು ಟಯರಿನ ಪಕ್ಕದಲ್ಲಿ ಸೈಜಿನ ನಂತರ ಬರುವ ಸಂಖ್ಯೆ ಓದಿ. 100 ಎಂದಿದ್ದರೆ ಒಂದು ಟಯರ್ ಹೊರುವುದು 800 ಕೆ.ಜಿ., 112 ಎಂದಿದ್ದರೆ 1,120. ಲೋಡ್ ತುಂಬಿದ ಪಿಕಪ್ಪಿನ ಹಿಂದಿನ ಎರಡು ಚಕ್ರಗಳ ಮೇಲೆ ಎರಡು ಟನ್ ಬೀಳುವುದು ವಿಶೇಷವೇನಲ್ಲ. ಹಾಗಿರುವಾಗ ಕಾರಿನಿಂದ ಬಿಚ್ಚಿದ 100ರ ಟಯರ್ ಸೈಜ್ ಹೊಂದಿತೆಂದು ಹಿಂದೆ ಹಾಕಿದರೆ ಎರಡೂ ಸೇರಿ ಹೊರುವುದು 1,600 ಮಾತ್ರ. ಅಗ್ಗಕ್ಕೆ ಸಿಕ್ಕಿತೆಂದು ಇದನ್ನು ಮಾಡುವವರಿದ್ದಾರೆ, ದಯವಿಟ್ಟು ಬೇಡ. ‘ಎಲ್‌ಟಿ’ ಎಂಬ ಗುರುತು ಇರುವ, ಕಂಪನಿ ಹೇಳಿದ ಭಾರಕ್ಕೆ ಕಡಿಮೆಯಿಲ್ಲದ ಟಯರನ್ನೇ ಕೇಳಿ. ‘ಡಾಟ್’ ಗುರುತಿನ ಕೊನೆಯ ನಾಲ್ಕು ಅಂಕಿಗಳನ್ನೂ ನೋಡಿ: 3524 ಎಂದರೆ 2024ರ 35ನೇ ವಾರದಲ್ಲಿ ತಯಾರಾದದ್ದು.

ಫೋರ್ ವೀಲ್ ಡ್ರೈವ್ ಬೊಲೆರೊ ಕ್ಯಾಂಪರ್ ಇದ್ದವರು ಹಿಂದೆ ಹೊಸದು, ಮುಂದೆ ಬೋಳು ಟಯರ್ ಇಟ್ಟು ಡಾಂಬರಿನ ಮೇಲೆ ನಾಲ್ಕೂ ಚಕ್ರ ಎಳೆಸಬಾರದು. ಸುತ್ತಳತೆಯ ವ್ಯತ್ಯಾಸ ಟ್ರಾನ್ಸ್‌ಫರ್ ಕೇಸನ್ನು ತಿರುಚುತ್ತದೆ. ಸ್ಟೆಪ್ನಿಯೂ ಅದೇ ಸೈಜಿನದಿರಬೇಕು. ಬೇರೆ ಸೈಜಿನ ಸ್ಟೆಪ್ನಿಯೇ ಕೈಯಲ್ಲಿದ್ದು, ಹಿಂದಿನ ಚಕ್ರ ಪಂಕ್ಚರ್ ಆದರೆ, ಮುಂದಿನ ಒಳ್ಳೆಯ ಚಕ್ರವನ್ನು ಹಿಂದಕ್ಕೆ ಹಾಕಿ ಸ್ಟೆಪ್ನಿಯನ್ನು ಮುಂದೆ ಕಟ್ಟಿ. ಹಿಂದೆ ಎರಡು ಅಳತೆಯ ಚಕ್ರ ಸುತ್ತಿದರೆ ಡಿಫರೆನ್ಷಿಯಲ್ ದಾರಿಯುದ್ದಕ್ಕೂ ಬಿಡುವಿಲ್ಲದೆ ತೇಯುತ್ತದೆ. ಲೋಡ್ ಇದ್ದರೆ ಮೊದಲು ಚೀಲ ಇಳಿಸಿ, ನಿಧಾನವಾಗಿ ಮಡಿಕೇರಿಯ ಪಂಕ್ಚರ್ ಅಂಗಡಿ ಸೇರಿಕೊಳ್ಳಿ.